ಉಡಿ ತುಂಬದ ಐದನೇ ತಿಂಗಳು

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಬಸುರಿಯಾಗಿ ಐದನೇ ತಿಂಗಳಿಗೆ, ಕೂಸಿಗೆ ಹುಟ್ಟುದೋಷ ಇದೆಯೇನೋ ನೋಡುವ ರಕ್ತಪರೀಕ್ಷೆಗೆ ಕೈ ಚಾಚು ಎಂದರು ಸರ್ಕಾರಿ ಆಸ್ಪತ್ರೆಯ ನರ್ಸು.

“ಮಾಡಿಸ್ಲೇಬೇಕೇನ್ರಿ?” ಎಂದೆ.

“ಓದಿದಾಕಿ ಆಗಿ ಹಿಂಗ ಕೇಳ್ತೀಯಲ್ಲವ್ವಾ! ಹಿಂದ ಎಷ್ಟು ಮಂದಿ ನಿಂತಾರ ನೋಡು.”

ಸಾಲಿನವರು ನಕ್ಕರು. ಓದಿದ ಹೆಮ್ಮೆಗೆ ಪೆಟ್ಟು ಬಿತ್ತು, ಕೈ ಚಾಚಿಬಿಟ್ಟೆ.

ಆ ವಾರವೇ ಬಸುರಿಗೆ ಉಡಿ ತುಂಬುವ ಐದನೇ ತಿಂಗಳ ಕುಬಸಕ್ಕೆಂದು ಅವ್ವ ತವರೂರು ಉಜ್ಜಿನಿಯಿಂದ ಹಸಿರು ಸೀರೆ, ಬಳೆ ಕಟ್ಟಿಕೊಂಡು ಬಂದಳು.

“ವರದಿ ಬರ್ಲಿ ಬೀಗ್ತಿ, ಆಮ್ಯಾಲ ಉಡಿ ತುಂಬೋಣು,” ಎಂದರು ಅತ್ತೆ. ಅವ್ವ ಗಂಟು ಎತ್ತಿಕೊಂಡು ಬಸ್ಸು ಹತ್ತಿದಳು.

ವರದಿಯಲ್ಲಿ ದೋಷವೇನೂ ಇರಲಿಲ್ಲ. ಆದರೆ ಅದು ಬರುವಷ್ಟರಲ್ಲಿ ಐದನೇ ತಿಂಗಳು ದಾಟಿತ್ತು. ಕೂಸು ಮೊದಲ ಸಲ ಮಿಸುಕಿದ್ದು ಆ ಕಾಯುವ ದಿನಗಳಲ್ಲೇ. ವರದಿಯಲ್ಲಿ ಏನು ಬರುವುದೋ ಎಂದು, ಯಾರಿಗೂ ಹೇಳುವ ಧೈರ್ಯ ನನಗೆ ಬರಲಿಲ್ಲ.