ಬಾಫಾತಿಗೆ ಹೊಂದುವ ದ್ರಾಕ್ಷಿರಸ

ನಿನ್ನೆ ಇಲ್ಲಿ ಗಲ್ಫಿನಲ್ಲಿ, ಫರ್ವಾನಿಯಾದ ಅಂಗಡಿಯಲ್ಲಿ ಕಪ್ಪು ದ್ರಾಕ್ಷಿರಸದ ಬಾಟಲಿಯೊಂದನ್ನು ಕೈಗೆತ್ತಿಕೊಂಡೆ. ಅದರ ಕೊರಳಿಗೆ ಪುಟ್ಟ ಚೀಟಿ ಕಟ್ಟಿದ್ದರು: ಹುರಿದ ಮಾಂಸದ ಜೊತೆ ಸೊಗಸು. ವೈನ್ ಮಾರುವುದೇ ಕಾನೂನಿಗೆ ವಿರುದ್ಧವಾದ ದೇಶದಲ್ಲಿ ಬರೀ ಜ್ಯೂಸಿಗೆ ಇಷ್ಟು ಬಿಂಕ! ನಗು ಬಂತು. ಲಿಲ್ಲಿ ಬಾಯಮ್ಮ ನೆನಪಾದರು, ನಗು ನಿಂತಿತು.

ಹಿಂದೆ ಇಲ್ಲಿನ ರಿಗ್ಗೈ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ಮಂಗಳೂರಿನ ಕ್ರೈಸ್ತರು ಅವರು. ಊರಿನ ರೂಢಿಯಂತೆ ನಾನು ಅವರನ್ನು ಬಾಯಮ್ಮ ಎಂದೂ ಗಂಡ ಫೆಲಿಕ್ಸರನ್ನು ಪೊರ್ಬುಗಳೇ ಎಂದೂ ಕರೆಯುತ್ತಿದ್ದೆ. ಕ್ರಿಸ್‌ಮಸ್ ಮಧ್ಯಾಹ್ನ ನನಗೂ ನನ್ನ ಹೆಂಡತಿಗೂ ಅಲ್ಲೇ ಊಟ.

ಹಬ್ಬದ ಅಡುಗೆಗೆ ವೈನ್ ಹೊಂದಿಸುವುದು ಬಾಯಮ್ಮನ ತವರಿನ ವಿದ್ಯೆ. ಅಲ್ಲಿ ಭರಣಿಯಲ್ಲಿ ದ್ರಾಕ್ಷಿ ಕೊಳೆಯಿಸುತ್ತಿದ್ದರಂತೆ. ಇಲ್ಲಿ ವೈನೂ ಇಲ್ಲ, ಬಾಫಾತ್ ಎಂಬ ಖಾರದ ಸಾರಿಗೆ ಬೇಕಾದ ಹಂದಿಯೂ ಇಲ್ಲ. ಆದರೂ ವಿದ್ಯೆ ಬಿಡಬೇಕಲ್ಲ! ಆಡಿನ ಮಾಂಸವನ್ನೇ ಬಾಫಾತ್ ಪುಡಿ ಹಾಕಿ ಬೇಯಿಸಿ, ಅದಕ್ಕೆ ಲವಂಗ ಕುದಿಸಿದ ದ್ರಾಕ್ಷಿರಸ; ಕೋಳಿಗೆ ಶುಂಠಿಯದು; ಕ್ರಿಸ್‌ಮಸ್ಸಿನ ಕುಸ್ವಾರ್ ತಿಂಡಿಗೆ ದಾಳಿಂಬೆಯದು. ನಾನೋ, ಗಂಜಿಗೆ ಉಪ್ಪಿನಕಾಯಿ ಎಂಬುದರಾಚೆ ಜೋಡಿ ಕಂಡವನಲ್ಲ. ಲೋಟ ತಿರುಗಿಸಿ, ಮೂಸಿ, ಗಂಭೀರವಾಗಿ ತಲೆಯಾಡಿಸುತ್ತಿದ್ದೆ.

“ಎಂತ ಗೊತ್ತಾಯ್ತು ಮಾರಾಯ್ರೆ ನಿಮಗೆ?” ಎಂದು ಪೊರ್ಬುಗಳು ಕೆಣಕುವರು. “ಇದು ವೈನ್ ಅಲ್ಲ, ಲಿಲ್ಲಿಯ ಕೆಮ್ಮಿನ ಮದ್ದು.”

“ಕೆಮ್ಮಾದ್ರೂ ನಿಲ್ತದಲ್ಲ, ಕುಡೀರಿ ಸುಮ್ನೆ,” ಎನ್ನುವರು ಬಾಯಮ್ಮ.

ಈ ಆಟ ಯಾಕೆಂದು ನನ್ನ ಹೆಂಡತಿ ಹೇಳಿದ ಮೇಲೆಯೇ ನನಗೆ ತಿಳಿದದ್ದು. ಪೊರ್ಬುಗಳು ಮೊದಲು ಇಲ್ಲಿಯದೇ ಮಂಗಫ್‌ನಲ್ಲಿ ಒಂಟಿಯಾಗಿದ್ದಾಗ ವಿಪರೀತ ಕುಡಿಯುತ್ತಿದ್ದರು. ಯಾರೋ ರೂಮಿಗೆ ತಂದ ಕಳ್ಳ ಸಾರಾಯಿ ಕುಡಿದು ಅವರ ಎಡಗಣ್ಣು ಹೋಯಿತು. ಜೀವ ಉಳಿಯಿತು. ಬಾಯಮ್ಮ ಊರಿನ ಕೆಲಸ ಬಿಟ್ಟು ಬಂದು ಜೊತೆಗೆ ನಿಂತರು. ಮುಂದೆ ಪೊರ್ಬುಗಳು ಹನಿ ಮದ್ಯವನ್ನೂ ಮುಟ್ಟಲಿಲ್ಲ; ಹಬ್ಬದ ಲೋಟ ಖಾಲಿ ಇರಬಾರದೆಂದೇ ಈ ರಸಗಳು.

ಒಂದು ವರ್ಷ ಕ್ರಿಸ್‌ಮಸ್ ಹೊತ್ತಿಗೆ ಚಳಿ ಹೆಚ್ಚಿತ್ತು. ಇಡ್ಲಿಯಂಥ ಸಾನ್ನಾ ಉಬ್ಬಲೆಂದು ಈಸ್ಟ್ ಕಲಸಿದ ಹಿಟ್ಟನ್ನು ಬಾಯಮ್ಮ ಒಲೆಯ ಪಕ್ಕ ಇಟ್ಟಿದ್ದರು. ಅದೇ ಸೌಟಿನಿಂದ ಆರಿದ ದ್ರಾಕ್ಷಿರಸವನ್ನೂ ಕಲಕಿ, ಜಾಡಿಯನ್ನು ರಾತ್ರಿಯಿಡೀ ಅಲ್ಲೇ ಮರೆತಿದ್ದರು. ಇದೆಲ್ಲ ಆಮೇಲೆ ಗೊತ್ತಾದದ್ದು. ಹಬ್ಬದ ಮೇಜಿನ ಮೇಲೆ ನನಗೆ ಕಂಡದ್ದು ಇಷ್ಟೇ: ಪೊರ್ಬುಗಳ ಲೋಟದ ಒಳಗೋಡೆಗೆ ಅಂಟಿ ಸಣ್ಣ ಗುಳ್ಳೆಗಳು ಮೇಲೇರುತ್ತಿದ್ದವು.

ಅವರು ಮೂಸಿದರು. ಮುಖ ಬದಲಾಯಿತು. ಬಹಳ ಕಾಲದ ಸ್ನೇಹಿತ ಬಾಗಿಲಲ್ಲಿ ನಿಂತಾಗ ಆಗುವ ಹಾಗೆ. ರಸ ಹುಳಿಬಂದು ಮದ್ಯವಾದ ಆ ಘಾಟು ಬಾಯಮ್ಮನಿಗೂ ತಲುಪಿತು. ಸಾನ್ನಾ ಬಡಿಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ಕಸಿದುಕೊಳ್ಳುತ್ತಾರೆ ಎಂದುಕೊಂಡೆ. ಕಸಿಯಲಿಲ್ಲ. ಗಂಡನ ಒಳ್ಳೆಯ ಕಣ್ಣನ್ನೇ ನೋಡುತ್ತಿದ್ದರು.

ಲೋಟ ತುಟಿಯ ಹತ್ತಿರ ಹೋಯಿತು. ಅಲ್ಲಿ ನಿಂತಿತು. ಮತ್ತೆ ಮೆಲ್ಲಗೆ ಮೇಜಿಗೆ ಇಳಿಯಿತು.

“ಲಿಲ್ಲೀ,” ಎಂದರು ಪೊರ್ಬುಗಳು. “ಇದು ಬಾಫಾತಿಗೆ ಹೊಂದುದಿಲ್ಲ. ಮಜ್ಜಿಗೆ ಉಂಟಾ?”

“ಉಂಟು,” ಎಂದರು ಬಾಯಮ್ಮ. ಎಲ್ಲ ಲೋಟಗಳನ್ನೂ ಜಾಡಿಯನ್ನೂ ಎತ್ತಿಕೊಂಡು ಒಳಗೆ ಹೋದರು. ಸಿಂಕಿನ ನಲ್ಲಿ ತುಂಬಾ ಹೊತ್ತು ಹರಿಯಿತು. ಹೊರಬಂದಾಗ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಮಜ್ಜಿಗೆಯಿತ್ತು. ಖಾರದ ಮಾಂಸಕ್ಕೆ ಅದು ಎಷ್ಟು ಚೆನ್ನಾಗಿ ಹೊಂದಿತೆಂದರೆ, ನಾನು ಮೂಸುವುದನ್ನೂ ಮರೆತು ಕುಡಿದೆ.

ಈಗ ಅವರು ಮಂಗಳೂರಿನಲ್ಲಿದ್ದಾರೆ. ಅಲ್ಲಿ ಪೇಟೆಗೆ ಹೋದರೆ ವೈನ್ ಸಿಗುತ್ತದೆ. ನಿನ್ನೆ ಅಂಗಡಿಯಿಂದಲೇ ಫೋನ್ ಮಾಡಿ ಬಾಟಲಿಯ ಚೀಟಿ ಓದಿ ಹೇಳಿದೆ. “ಪೊರ್ಬುಗಳೇ, ಈ ಸಲ ಬಾಫಾತಿಗೆ ಎಂತ?”

“ಕೇಳುದೆಂತ? ಮಜ್ಜಿಗೆ!” ಹಿಂದಿನಿಂದ ಬಾಯಮ್ಮ ನಕ್ಕದ್ದು ಕೇಳಿಸಿತು.

ಬಾಟಲಿಯನ್ನು ಇದ್ದಲ್ಲೇ ಇಟ್ಟು, ಮೊಸರಿನ ಸಾಲಿನ ಕಡೆ ನಡೆದೆ.