ಏರಿ ಬರುವವನಿಗೆ ಮೊದಲ ದಾರಿ

ಸಂಜೆ ಐದು ಗಂಟೆ ಹತ್ತು ನಿಮಿಷ. ಕಾರಿನ ಗಡಿಯಾರದಲ್ಲಿ ಆ ಅಂಕಿ ನೋಡಿದ್ದು ಚೆನ್ನಾಗಿ ನೆನಪಿದೆ, ಏಕೆಂದರೆ ಹೊತ್ತು ಮುಳುಗಲು ಇನ್ನೆಷ್ಟು ಸಮಯವಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಚೋರ್ಲಾ ಘಾಟಿನ ಇಳಿಜಾರು ಆಗಷ್ಟೇ ಶುರುವಾಗಿತ್ತು. ಮಂಜು ದಟ್ಟವಾಗಿ, ಬಾನೆಟ್ಟಿನ ತುದಿ ಕೂಡ ಮಸುಕಾಗಿ ಕಾಣುತ್ತಿತ್ತು. ಎಲ್ಲ ಕೆಡಲು ತೊಡಗಿದ್ದು ಆಗಿನಿಂದ.

ಇಂಥ ಕತೆಗಳನ್ನು ನಾನು ನಂಬಿದವಳಲ್ಲ. ಬಿ.ಎಸ್ಸಿ. ಓದಿ, ಟಿಳಕವಾಡಿಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಘಾಟಿನಲ್ಲಿ ಬಿಳಿ ಸೀರೆಯವಳು ಕೈ ತೋರಿಸಿದಳು ಎಂದು ಯಾರಾದರೂ ಹೇಳಿದರೆ, ಪಾಪ ಯಾವ ಬಸ್ಸು ತಪ್ಪಿತ್ತಂತೆ ಎಂದು ಕೇಳಿ ನಗಿಸುತ್ತಿದ್ದೆ. ಈಗ ಕೇಳುವುದಿಲ್ಲ. ನಂಬಿಕೆ ಬಂದಿದೆ ಎಂದಲ್ಲ, ಕೇಳುವ ಹುರುಪು ಹೋಗಿದೆ, ಅಷ್ಟೇ.

ಇದು ಎರಡು ಮಳೆಗಾಲದ ಹಿಂದಿನ ಮಾತು. ಪಣಜಿಯಲ್ಲಿರುವ ನನ್ನ ತಂಗಿ ಹೆತ್ತು ಹದಿನೈದು ದಿನವಾಗಿತ್ತು. ಬಾಣಂತಿಗೆ ಅಂಟಿನ ಉಂಡಿ ಮುಟ್ಟಿಸಬೇಕಿತ್ತು. ಖಾನಾಪುರದಿಂದ ನನ್ನ ಕಾಕಾ ಬಂದು ಜೊತೆಗೂಡಿದರು. ಅವರು ಮೂವತ್ತು ವರ್ಷ ಗೋವಾ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಆಗ ಒಂದು ಕಣ್ಣಿನ ಪೊರೆ ತೆಗೆಸಿ, ಇನ್ನೊಂದಕ್ಕೆ ಹೆದರಿ ಕುಳಿತಿದ್ದರು. ಹೀಗಾಗಿ ಸ್ಟಿಯರಿಂಗ್ ನನ್ನ ಕೈಯಲ್ಲಿತ್ತು, ಹುಕುಂ ಅವರ ಬಾಯಲ್ಲಿ.

ನಾವು ಜೈನರು. ನಮ್ಮ ಮನೆಯಲ್ಲಿ ಈಗ ಎಲ್ಲರೂ ಊಟದ ನಿಯಮ ಪಾಲಿಸುವುದಿಲ್ಲ, ಆದರೆ ಕಾಕಾ ಚಾತುರ್ಮಾಸದಲ್ಲಿ ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಮುಟ್ಟುವುದಿಲ್ಲ. ಹೊರಗಿನದನ್ನೂ ತಿನ್ನುವುದಿಲ್ಲ. ತಂಗಿಯ ಮನೆಯಲ್ಲಿ ಅವರಿಗೆಂದು ಅಡುಗೆ ಸಿದ್ಧವಾಗಿತ್ತು. ನನ್ನ ಶಾಲೆ ಬಿಡುವುದು ತಡವಾಗಿ, ಪೀರನವಾಡಿ ದಾಟುವಾಗಲೇ ಮೂರು ಹೊಡೆದಿತ್ತು. ಜಾಂಬೋಟಿಯಿಂದ ಮುಂದೆ ಮಳೆ, ಕಣಕುಂಬಿಯಿಂದ ಮುಂದೆ ಮಂಜು. ನನ್ನಿಂದಾಗಿ ಮುದುಕರು ಉಪವಾಸ ಮಲಗಬಾರದು ಎಂಬ ಒಂದೇ ಯೋಚನೆಯಲ್ಲಿ, ಇಳಿಯಬಾರದ ವೇಗದಲ್ಲಿ ಇಳಿಯುತ್ತಿದ್ದೆ.

ಘಾಟಿನಲ್ಲಿ ಚಾಲಕರದೇ ಒಂದು ಪದ್ಧತಿ ಇದೆ. ಅದನ್ನು ಕಾಕಾ ಹೊರಡುವಾಗಲೇ ಕಲಿಸಿದ್ದರು. ಕುರುಡು ತಿರುವಿಗೆ ಮೊದಲು ಒಂದು ಉದ್ದ ಹಾರ್ನ್ ಹೊಡೆಯಬೇಕು. ಕೆಳಗಿನಿಂದ ಉತ್ತರ ಬಂದರೆ ಇಳಿಯುವವನು ಅಗಲವಾದ ಜಾಗ ನೋಡಿ ನಿಲ್ಲಬೇಕು, ಏಕೆಂದರೆ ಏರುವ ಗಾಡಿ ನಡುವೆ ನಿಂತರೆ ಮತ್ತೆ ಎಳೆಯುವುದು ಕಷ್ಟ. ನಿಂತ ಮೇಲೆ ಇನ್ನೊಮ್ಮೆ ಹೊಡೆಯಬೇಕು. ಆ ಎರಡನೆಯ ಹಾರ್ನಿನ ಅರ್ಥ, ನಾನು ನಿಂತಿದ್ದೇನೆ, ನೀನು ಬಾ.

ನಾಲ್ಕೈದು ತಿರುವು ಇಳಿದಿರಬೇಕು. ಒಂದು ಕಡೆ ನಾನು ಹಾರ್ನ್ ಹೊಡೆದಾಗ ಕೆಳಗಿನಿಂದ ಉತ್ತರ ಬಂತು. ಎರಡು ಗಿಡ್ಡ, ಒಂದು ಉದ್ದ. ಹಳೆಯ ಲಾರಿಗಳಿಗಿರುತ್ತಿದ್ದಂಥ ಒಡಕು ದನಿ.

"ನಿಲ್ಲಸು," ಎಂದರು ಕಾಕಾ. "ಹಿಂದಕ ತಗೊಂಡು ಬಾಜೂಕ ಹಚ್ಚು. ಅಲ್ಲಿ ಜಾಗಾ ಐತಿ."

"ಯಾವ ಗಾಡೀನೂ ಕಾಣವಲ್ದಲ್ರಿ ಕಾಕಾ."

"ಮಂಜಿನ್ಯಾಗ ಗಾಡಿ ಕಾಣಂಗಿಲ್ಲವ್ವಾ, ಕೇಳತೈತಿ."

ಹಿಂದಕ್ಕೆ ತೆಗೆದುಕೊಂಡು ಗುಡ್ಡದ ಬದಿಗೆ ನಿಲ್ಲಿಸಿದೆ. ನಿಂತಿದ್ದೇನೆ ಎಂದು ಹಾರ್ನ್ ಹೊಡೆದೆ. ಮತ್ತೆ ಉತ್ತರ ಬಂತು, ಮೊದಲಿಗಿಂತ ಹತ್ತಿರದಿಂದ. ಎರಡು ಗಿಡ್ಡ, ಒಂದು ಉದ್ದ. ಪ್ರತಿಧ್ವನಿ ಇರಬಹುದು ಎಂದು ನನ್ನೊಳಗಿನ ಮಾಸ್ತರಿಣಿ ಅಂದುಕೊಂಡಳು. ಆದರೆ ನಾನು ಹೊಡೆದದ್ದು ಒಂದೇ ಉದ್ದ. ಕೊಟ್ಟದ್ದನ್ನು ಮರಳಿಸುವುದು ಬಿಟ್ಟರೆ ಪ್ರತಿಧ್ವನಿಗೆ ಬೇರೇನೂ ಗೊತ್ತಿಲ್ಲ.

ಹತ್ತು ನಿಮಿಷ ಕಳೆಯಿತು. ಮೂರನೆಯ ಸಲ ದನಿ ತಿರುವಿನ ಆಚೆಯಿಂದಲೇ ಕೇಳಿಸಿತು. ಗೇರು ಬದಲಿಸಿದ ಸದ್ದೂ ಬಂತು ಎಂದು ಕಾಕಾ ಇವತ್ತಿಗೂ ಹೇಳುತ್ತಾರೆ. ಅದು ನನಗೆ ಕೇಳಿಸಲಿಲ್ಲ. ನಾನು ಮತ್ತೊಮ್ಮೆ ಹಾರ್ನ್ ಹೊಡೆದು ಕರೆದೆ. ಯಾರೂ ಬರಲಿಲ್ಲ.

"ಹೊತ್ತ ಮುಳಗಿದ್ರ ನಿಮ್ಮ ಊಟ ತಪ್ಪತೈತ್ರಿ," ಎಂದೆ.

"ಒಂದಿನ ಉಣ್ಣಲಿಲ್ಲಂದ್ರ ನಿಮ್ಮ ಕಾಕಾ ಏನ ಸವದ ಹೋಗಂಗಿಲ್ಲ. ನಿಮ್ಮ ಕಾಕೂಗ ಖುಷೀನ ಆಗತೈತಿ, ಹೊಟ್ಟಿ ಕರಗಿತು ಅಂತ."

ನಗು ಬರಲಿಲ್ಲ. ಗೇರು ಹಾಕಿದೆ. ಅವರು ನನ್ನ ಕೈಯ ಮೇಲೆ ಕೈಯಿಟ್ಟು ಒತ್ತಿ ಹಿಡಿದರು. "ಬರಾಕತ್ತಾನ. ಅವ ಬಂದ ಹೋಗ್ಲಿ. ಕರದು ದಾರಿ ಕೊಡಲಿಲ್ಲಂದ್ರ ಹೆಂಗ?"

ಗಡಿಯಾರದಲ್ಲಿ ಐದು ಮೂವತ್ತೊಂದು. ಆಗ ಗುಡ್ಡ ಕುಸಿಯಿತು. ಅಂಥ ದೊಡ್ಡ ಸದ್ದೇನೂ ಇಲ್ಲ. ಟಿಪ್ಪರಿನಿಂದ ಖಡಿ ಕಲ್ಲು ಸುರಿದ ಹಾಗೆ, ಆದರೆ ಮುಗಿಯದೆ ಸುರಿದ ಹಾಗೆ. ಒಂದೆರಡು ಕಲ್ಲು ಬಂದು ಬಾನೆಟ್ಟಿಗೆ ಬಡಿದವು. ಆಮೇಲೆ ಹಸಿ ಬೇರಿನ ವಾಸನೆ. ನಾನು ಗೇರು ಹಾಕಿ ಹೊರಟಿದ್ದರೆ ನಾವಿರುತ್ತಿದ್ದ ತಿರುವಿನಲ್ಲಿ ಈಗ ರಸ್ತೆಯೇ ಇರಲಿಲ್ಲ.

ಬದುಕಿದೆವು ಎಂಬುದು ನನಗೆ ಮೊದಲು ಹೊಳೆಯಲಿಲ್ಲ. ಹೊಳೆದದ್ದು, ಹಾಗಾದರೆ ಅವನು?

ಕಾಕಾ ಇಳಿದು ಮಳೆಯಲ್ಲಿ ನಿಂತು ಕನ್ನಡದಲ್ಲಿ ಕೂಗಿದರು, ಮರಾಠಿಯಲ್ಲಿ ಕೂಗಿದರು. ನಾನು ಹಾರ್ನ್ ಹೊಡೆದೆ, ಬಿಟ್ಟು ಬಿಟ್ಟು, ತುಂಬ ಹೊತ್ತು. ಉತ್ತರ ಬರಲಿಲ್ಲ.

ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಕಾರು ತಿರುಗಿಸಿ ಮೇಲಿನ ಚಹಾ ಅಂಗಡಿಗೆ ಹೋಗಿ ಸುದ್ದಿ ಮುಟ್ಟಿಸಿದೆವು. ಪೊಲೀಸರು ಬಂದರು. ಮಣ್ಣಿನಡಿ ಒಂದು ಗಾಡಿ ಇದೆ ಎಂದು ನಾನು ಹೇಳಿದ್ದನ್ನು ಬರೆದುಕೊಂಡರು. ಘಾಟಿನ ಕೆಳಗಿನ ಪೊಲೀಸ್ ನಾಕಾಕ್ಕೆ ವೈರ್‌ಲೆಸ್‌ನಲ್ಲಿ ವಿಚಾರಿಸಿದಾಗ ಬಂದ ಉತ್ತರ ಇಷ್ಟು: ಮರ ಬಿದ್ದುದರಿಂದ ನಾಲ್ಕೂವರೆಗೇ ಕೆಳಗೆ ಎಲ್ಲ ಗಾಡಿಗಳನ್ನು ತಡೆಯಲಾಗಿದೆ, ಆಮೇಲೆ ಒಂದೂ ಮೇಲಕ್ಕೆ ಬಿಟ್ಟಿಲ್ಲ. ಅಲ್ಲಿಂದ ಆ ತಿರುವಿಗೆ ಎಷ್ಟು ನಿಧಾನವೆಂದರೂ ಅರ್ಧ ತಾಸಿನ ದಾರಿ.

ಅಂದು ಪಣಜಿಗೆ ಹೋಗಲಾಗಲಿಲ್ಲ. ಜಾಂಬೋಟಿಗೆ ಮರಳಿ ಅಲ್ಲಿಂದ ಖಾನಾಪುರಕ್ಕೆ, ಕಾಕಾ ಮನೆಗೆ ಹೋದೆವು. ಹೊತ್ತು ಯಾವಾಗಲೋ ಮುಳುಗಿತ್ತು. ಕಾಕಾ ಉಣ್ಣದೆ ಮಲಗಿದರು. ನಾನು ಉಂಡೆ, ಆದರೆ ಮಲಗಲಾಗಲಿಲ್ಲ.

ಮೂರನೆಯ ದಿನ ರಸ್ತೆ ತೆರವಾಯಿತು. ಅಲ್ಲಿ ಮಣ್ಣು ಹೊತ್ತ ಟಿಪ್ಪರಿನ ಚಾಲಕ ಕಾಕಾ ಅವರ ಓಣಿಯವನೇ. ಅವನಿಗೆ ಫೋನು ಮಾಡಿದೆ. "ಏನೂ ಸಿಕ್ಕಿಲ್ರಿ ಅಕ್ಕಾರ," ಎಂದ. "ಗಾಡಿ ಹೋಗ್ಲಿ, ಒಂದ ಚಪ್ಲೀನೂ ಸಿಕ್ಕಿಲ್ಲ. ಆದ್ರ ಖರೇ ಹೇಳಬೇಕಂದ್ರ, ಅರ್ಧಾ ಮಣ್ಣ ಕೆಳಗ ಕಣಿವ್ಯಾಗ ಹೋಗೇತ್ರಿ. ಅಲ್ಲಿ ಯಾರ ಇಳೀತಾರ?"

ಗಾಡಿ ಕಾಣೆಯಾಗಿದೆ ಎಂದು ಯಾರೂ ದೂರು ಕೊಡಲಿಲ್ಲ. ಅಲ್ಲಿಗೆ ಮುಗಿಯಬೇಕಿತ್ತು. ನನಗೆ ಮುಗಿಯಲಿಲ್ಲ. ಪ್ರತಿ ರಾತ್ರಿ ಒಂದು ನಿದ್ದೆ ಆಗುವಷ್ಟರಲ್ಲಿ ಎಚ್ಚರವಾಗುತ್ತಿತ್ತು. ಭಯವೆಂದರೆ ಭಯವಲ್ಲ, ಯಾರಿಗೋ ದಾರಿ ಬಿಟ್ಟು ಕಾಯುತ್ತ ಕುಳಿತ ಹಾಗೆ. ಅಲ್ಲಿ ಯಾರೂ ಇರಲಿಲ್ಲವಾದರೆ ನಮ್ಮನ್ನು ತಡೆದು ನಿಲ್ಲಿಸಿದ್ದು ಯಾರು? ಅದಕ್ಕೆ ಉತ್ತರ ಸಿಗದಿದ್ದರೂ ನಾನು ಬದುಕಿಯೇನು. ಆದರೆ ಯಾರಾದರೂ ಇದ್ದಿದ್ದರೆ? ನಾಕಾ ಮುಚ್ಚುವ ಮೊದಲೇ ದಾಟಿ, ನಡುವೆ ಎಲ್ಲೋ ನಿಂತು, ಮಂಜಿನಲ್ಲಿ ಮುಂದೆ ಹೋಗಲೋ ಬೇಡವೋ ಎಂದು ಅನುಮಾನಿಸುತ್ತಿದ್ದವನು? ಅವನನ್ನು ಬಾ ಎಂದು ಕರೆದವಳು ನಾನು. ಒಂದಲ್ಲ, ಎರಡು ಸಲ ಕರೆದೆ.

ಶಾಲೆಯಲ್ಲಿ ನನ್ನ ಕಣ್ಣು ನೋಡಿ ಗಣಿತದ ಮಾಸ್ತರು, "ನಿದ್ದಿ ಬರವಲ್ದಂದ್ರ ನನ್ನ ಪಿರಿಯಡ್ಡಿಗೆ ಬಂದ ಕುಂದರ್ರಿ ಬಾಯಾರ, ಐದ ನಿಮಿಷದಾಗ ಹುಡುಗೂರೆಲ್ಲಾ ಮಲಗ್ತಾವು," ಎಂದು ನಗಿಸಲು ನೋಡಿದರು. ವೈದ್ಯರು ಕೊಟ್ಟ ಗುಳಿಗೆ ಹಗಲನ್ನು ಮಂಕು ಮಾಡಿತೇ ಹೊರತು ರಾತ್ರಿಯನ್ನು ದಾಟಿಸಲಿಲ್ಲ. ಉಂಡಿಯ ಡಬ್ಬಿಯನ್ನು ಬೇರೆ ಯಾರೋ ರೈಲಿನಲ್ಲಿ ಒಯ್ದು ಕೊಟ್ಟರು. ನಾನು ತಂಗಿಯ ಮಗುವನ್ನು ಫೋನಿನಲ್ಲಿ ಮಾತ್ರ ನೋಡುತ್ತಿದ್ದೆ.

ಸಂಕ್ರಾಂತಿ ಮುಗಿದ ಮೇಲೆ ಒಂದು ಶನಿವಾರ ಕಾಕಾ ಹೇಳದೆ ಕೇಳದೆ ಬಂದು ಕಾರಿನಲ್ಲಿ ಕುಳಿತರು. "ನಡಿ, ಕೂಸಿನ ನೋಡಿ ಬರೂಣು. ಅದಕ್ಕ ಹಲ್ಲ ಬರೂದರೊಳಗ."

ಬಿಸಿಲಿನಲ್ಲಿ ಘಾಟು ಬೇರೆಯದೇ ಊರಿನಂತಿತ್ತು. ಆ ತಿರುವಿಗೆ ಹೊಸ ತಡೆಗೋಡೆ ಕಟ್ಟಿದ್ದರು. ಕಾರು ನಿಲ್ಲಿಸಿ ಗೋಡೆಯ ಮೇಲಿಂದ ಬಗ್ಗಿ ನೋಡಿದೆ. ಕೆಳಗೆ ಕೆಂಪು ಮಣ್ಣಿನ ಮೇಲೆ ಆಗಲೇ ಹುಲ್ಲು ಬೆಳೆದು ಒಣಗಿತ್ತು. ಎಲ್ಲಿಯೂ ತಗಡಿನ ಹೊಳಪಿಲ್ಲ. ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಗಾಡಿ ಅವತ್ತಿನ ಜಾಗಾದಾಗ ಹಚ್ಚು," ಎಂದರು ಕಾಕಾ. ಹಚ್ಚಿದೆ. "ಹಾರ್ನ್ ಹೊಡಿ."

ಕೈ ಏಳಲಿಲ್ಲ. ಅವರೇ ಬಗ್ಗಿ ಒತ್ತಿದರು, ಒಂದು ಉದ್ದ. ಎಲ್ಲಿಂದಲೂ ಉತ್ತರವಿಲ್ಲ, ಪ್ರತಿಧ್ವನಿಯೂ ಇಲ್ಲ. ನಾವು ಕಾದೆವು. ಒಂದು ಬಸ್ಸು, ಎರಡು ಕಾರು ಏರಿ ಹೋದವು, ಚಾಲಕರು ಕೈ ಎತ್ತಿ ಹೋದರು. ಆಮೇಲೆ ರಸ್ತೆ ಖಾಲಿಯಾಯಿತು. ಕಾಕಾ ಕಣ್ಣು ಮುಚ್ಚಿ, ಕಿವಿ ಕಿಟಕಿಗೆ ಕೊಟ್ಟು ಕುಳಿತಿದ್ದರು. ಬಹಳ ಹೊತ್ತಿನ ಮೇಲೆ ಅವರ ಕೈ ಹಾಯಾಗಿ ಮೇಲಕ್ಕೆ ಎದ್ದಿತು, ಎದುರಿನ ಚಾಲಕನಿಗೆ ತೋರಿಸುವ ಹಾಗೆ.

"ಹೋದ," ಎಂದರು. "ನಡಿ ಇನ್ನ."

ನಾನು ರಸ್ತೆಯನ್ನೇ ನೋಡುತ್ತಿದ್ದೆ. ಅಲ್ಲಿ ಏನೂ ಹೋಗಲಿಲ್ಲ. ಅವರು ನನ್ನನ್ನು ಸಮಾಧಾನಪಡಿಸಲು ಹಾಗೆ ಮಾಡಿದರೋ, ಅಥವಾ ಅವರಿಗೆ ನಿಜವಾಗಿ ಏನಾದರೂ ಕೇಳಿಸಿತೋ, ಇವತ್ತಿಗೂ ನನಗೆ ತಿಳಿಯದು. ಗೇರು ಹಾಕಿದೆ. ಈ ಸಲ ಅವರು ನನ್ನ ಕೈ ಹಿಡಿಯಲಿಲ್ಲ.

ಹೊತ್ತು ಮುಳುಗುವ ಮೊದಲೇ ತಂಗಿಯ ಮನೆ ಮುಟ್ಟಿದೆವು. ಕಾಕಾ ಹೊಟ್ಟೆ ತುಂಬ ಉಂಡರು. ಬೆಳಿಗ್ಗೆ ತಂಗಿ ಹೇಳಿದಳು, ರಾತ್ರಿ ಕೂಸು ಮೂರು ಸಲ ಎದ್ದು ಓಣಿಗೆಲ್ಲ ಕೇಳುವ ಹಾಗೆ ಅತ್ತಿತ್ತಂತೆ. ನನಗೆ ಒಂದೂ ಕೇಳಿಸಿರಲಿಲ್ಲ. ಎದ್ದಾಗ ಬಿಸಿಲು ಕಾಲ ಮೇಲೆ ಬಿದ್ದಿತ್ತು. ಅಂದು ರವಿವಾರ.