ಅಡಿಲೇಡಿನಿಂದ ಬಂದ ಅಳತೆ ದಿಂಬು

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಬ್ರಿಸ್ಬೇನ್‌ನ ಸನ್ನಿಬ್ಯಾಂಕ್ ಬಡಾವಣೆಯಿಂದ ಸ್ವಲ್ಪ ಆಚೆ, ತಗಡಿನ ಶೆಡ್ಡುಗಳ ಸಾಲಿನಲ್ಲಿ ಒಂದೇ ಒಂದು ಬಾಗಿಲು ತೆರೆದಿದೆ. ಒಳಗೆ ಎಂಜಿನ್ ಬಿಚ್ಚಿಟ್ಟ ಮೂರು ಹಳೆಯ ಜಪಾನಿ ಸ್ಪೋರ್ಟ್ಸ್ ಕಾರುಗಳು ನಿಂತಿವೆ. ಅವುಗಳ ಹಿಂದೆ, ಚೂಡಿದಾರದ ಮೇಲೆ ಹಳದಿ ಸೇಫ್ಟಿ ಜಾಕೆಟ್ ತೊಟ್ಟು, ಕುತ್ತಿಗೆಗೆ ಟೇಪು ಇಳಿಬಿಟ್ಟುಕೊಂಡ ಹೆಂಗಸೊಬ್ಬರು ದೊಡ್ಡ ಹೊಲಿಗೆ ಮಷೀನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಎರಡು ತೊಟ್ಟು ಎಣ್ಣೆ ಬಿಡುತ್ತಾರೆ. ಆಮೇಲೆ ಹರಿದ ಸೀಟ್ ಕವರೊಂದನ್ನು ಮೇಜಿನ ಮೇಲೆ ಹರಡಿ, ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚಲು ಶುರು ಮಾಡುತ್ತಾರೆ.

ಇವರು ನೀಲಮ್ಮ. ವಯಸ್ಸು ಅರವತ್ತೊಂದು. ಬ್ರಿಸ್ಬೇನ್ ಕನ್ನಡಿಗರ ಬಾಯಲ್ಲಿ 'ಬ್ಲೌಸ್ ಆಂಟಿ'. ನಾಲ್ಕು ವರ್ಷ ನಾನೂ ಅವರನ್ನು ಅಷ್ಟೇ ಅಂದುಕೊಂಡಿದ್ದೆ, ನಾಚಿಕೆಯಾಗಬೇಕು ನನಗೆ. ಈ ಸಲ ಯುಗಾದಿಗೆ ಮುಂಚೆ ಕ್ಯಾಲಮ್‌ವೇಲ್‌ನ ಅವರ ಮನೆಗೆ ಬ್ಲೌಸ್ ಬಟ್ಟೆ ಹಿಡಿದುಕೊಂಡು ಹೋದರೆ, "ಈ ತಿಂಗ್ಳು ಆಗಲ್ಲ ಕಣಮ್ಮ, ಒಂದು ಕಾರ್ ಸೀಟು ಅರ್ಜೆಂಟಿದೆ" ಅಂದರು. ತಮಾಷೆ ಇರಬೇಕೆಂದು ನಕ್ಕುಬಿಟ್ಟೆ. ಅವರು ನಗಲಿಲ್ಲ. ಆ ಸೀಟಿನ ಕತೆ ಕೇಳಲೆಂದೇ ಈಗ ಈ ಶೆಡ್ಡಿಗೆ ಬಂದು ಕೂತಿದ್ದೇನೆ.

ಮೈಸೂರಿನ ನಜರ್‌ಬಾದಿನಲ್ಲಿ ಮೂವತ್ತು ವರ್ಷ ಬ್ಲೌಸ್ ಹೊಲಿದ ಕೈ ಅದು. ಗಂಡ ಬೇಗ ತೀರಿಕೊಂಡರು. ಮಗಳು ನಿವೇದಿತಾಳ ನರ್ಸಿಂಗ್ ಓದು ಆ ಬ್ಲೌಸುಗಳ ದುಡ್ಡಿನಲ್ಲೇ ಮುಗಿಯಿತು. ಮಗಳೀಗ ಇಲ್ಲಿನ ಇಪ್ಸ್‌ವಿಚ್ ಆಸ್ಪತ್ರೆಯಲ್ಲಿ ನರ್ಸ್, ತಾಯಿಯನ್ನೂ ಕರೆಸಿಕೊಂಡಿದ್ದಾಳೆ. ಅವಳ ಸಹೋದ್ಯೋಗಿಯ ಮನೆಯಲ್ಲಿ ಒಂದು ಭಾನುವಾರ ಬಾರ್ಬಿ, ಅಂದರೆ ಹಿತ್ತಲಿನಲ್ಲಿ ಮಾಂಸ ಸುಟ್ಟು ತಿನ್ನುವ ಕೂಟ, ಇತ್ತಂತೆ. ನೀಲಮ್ಮನವರಿಗೆ ಇಂಗ್ಲಿಷ್ ಬಾರದು, ಆ ಮಾಂಸದ ಹೊಗೆಯೂ ಆಗದು. ಸುಮ್ಮನೆ ಕೂರಲಾರದೆ, ಹಿತ್ತಲಿನಲ್ಲಿದ್ದ ಹರಿದ ಕುರ್ಚಿಗೆ ಸೂಜಿ ದಾರ ಕೇಳಿ ಪಡೆದು ಹೊಲಿಗೆ ಹಾಕಿಬಿಟ್ಟರು. ಆ ಮನೆಯ ಯಜಮಾನ ವಾರೆನ್ ಹೊಲಿಗೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದ. ಹಳೆಯ ಕಾರುಗಳನ್ನು ಹೊಸದರಂತೆ ಮಾಡುವ ಈ ಶೆಡ್ಡು ಅವನದೇ. ಸೋಮವಾರ ಬರಲು ಹೇಳಿದ.

ಮೊದಲನೇ ಸೀಟು ಹಾಳಾಯಿತು. ಬ್ಲೌಸಿನಲ್ಲಿ ಬಿಟ್ಟಂತೆ ಹೊಲಿಗೆಯ ಒಳಗೆ ಒಂದೂವರೆ ಇಂಚು ಹೆಚ್ಚಿಗೆ ಬಿಟ್ಟಿದ್ದರು. "ಮುಂದೆ ದಪ್ಪ ಆದ್ರೆ ಬಿಚ್ಕೊಳ್ಳೋಕೆ ಬೇಕಲ್ವಾ! ಕಾರು ಎಲ್ಲಿಂದ ದಪ್ಪ ಆಗುತ್ತೆ ಅಂತ ನಂಗೆ ಹೊಳೀಲೇ ಇಲ್ಲ ನೋಡಿ" ಎಂದು ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಒಳಗಿನ ರೆಕ್ಸಿನ್ ದಪ್ಪನೆಯ ದಿಂಡಾಗಿ ಮೇಲೆ ಎದ್ದು ಕಾಣುತ್ತಿತ್ತು. ಬಿಚ್ಚಿ ಮತ್ತೆ ಹೊಲಿದರೆ ಹಳೆಯ ಸೂಜಿಯ ತೂತುಗಳ ಸಾಲು ಹಾಗೇ ಉಳಿಯಿತು. "ಬಟ್ಟೆ ಆದ್ರೆ ನೀರಿಗೆ ಹಾಕಿ ಇಸ್ತ್ರಿ ಮಾಡಿದ್ರೆ ತೂತು ಮುಚ್ಕೊಳ್ಳುತ್ತೆ. ರೆಕ್ಸಿನ್ ಹಂಗಲ್ಲ. ವಾರೆನ್ ಬೈಲಿಲ್ಲ ಕಣಮ್ಮ, ಬೈದಿದ್ರೆ ಚೆನ್ನಾಗಿತ್ತು. ಬಸ್ಸಲ್ಲಿ ಅತ್ಬಿಟ್ಟೆ."

ಆ ಹಾಳಾದ ರೆಕ್ಸಿನ್ನನ್ನು ಮನೆಗೆ ಒಯ್ದು ಎರಡು ತಿಂಗಳು ಅದರ ಮೇಲೇ ಕೈ ಪಳಗಿಸಿಕೊಂಡರು. ಬ್ಲೌಸಿಗೆ ಇಂಚಿಗೆ ಹನ್ನೆರಡು ಹೊಲಿಗೆ ಹಾಕುತ್ತಿದ್ದವರು ಇಲ್ಲಿ ಐದಕ್ಕೆ ಇಳಿದರು. ಒಂದು ಸೀಟಿಗೆ ಹನ್ನೊಂದು ತುಂಡು, ಮೂರು ದಿನದ ಕೆಲಸ. ನಾಲ್ಕು ವರ್ಷದಲ್ಲಿ ಅರವತ್ತಮೂರು ಸೀಟು. ಕಾರು ಪ್ರದರ್ಶನದಲ್ಲಿ ಬಹುಮಾನ ಗೆದ್ದಾಗ ಜನ ಬಣ್ಣ ನೋಡುತ್ತಾರೆ, ಎಂಜಿನ್ ನೋಡುತ್ತಾರೆ, ವಾರೆನ್‌ನ ಕೈ ಕುಲುಕುತ್ತಾರೆ. ನೀಲಮ್ಮನವರ ಮಂಡಿ ಮಾತ್ರ ದಿನವೂ ಸಂಜೆಗೆ ಊದಿಕೊಂಡಿರುತ್ತದೆ.

ಯುಗಾದಿಯ ಆ ಅರ್ಜೆಂಟ್ ಸೀಟು ಅಡಿಲೇಡಿನ ಉದಯಶಂಕರ್ ಅವರದು. ಪರ್ತ್ ಕಡೆಯ ಗಣಿಗಳಲ್ಲಿ ಭೂವಿಜ್ಞಾನಿಯಾಗಿದ್ದವರು, ಈಗ ಎಪ್ಪತ್ತೊಂಬತ್ತು. ಪರ್ತ್‌ನಲ್ಲಿದ್ದಾಗ ಸೆಕೆಂಡ್ ಹ್ಯಾಂಡಿಗೆ ಕೊಂಡ 1973ರ ಡಾಟ್ಸನ್ 240Z ಸ್ಪೋರ್ಟ್ಸ್ ಕಾರು ಹದಿನೆಂಟು ವರ್ಷದಿಂದ ಅವರ ಮನೆಯ ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು. ಕಣ್ಣು ಮಂಜಾಗುತ್ತಿದೆ, ಮಾರ್ಚ್ ಮೂವತ್ತೊಂದರ ನಂತರ ಡ್ರೈವಿಂಗ್ ಬೇಡವೇ ಬೇಡ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟರೊಳಗೆ ಒಮ್ಮೆ ತಾವೇ ಓಡಿಸಿಕೊಂಡು ವಿಕ್ಟರ್ ಹಾರ್ಬರ್‌ವರೆಗೆ ಹೋಗಿ ಸಮುದ್ರ ನೋಡಿ ಬರಬೇಕು, ಅಷ್ಟೇ ಅವರ ಆಸೆ. ಕಾರು ಲಾರಿ ಹತ್ತಿ ಬ್ರಿಸ್ಬೇನಿಗೆ ಬಂತು. ಎಂಜಿನ್, ಬ್ರೇಕು, ಬಣ್ಣ ಎಲ್ಲ ವಾರೆನ್ ಮುಗಿಸಿದ. ತೊಡಕು ಇದ್ದದ್ದು ಉದಯಶಂಕರರ ಬೆನ್ನಿನಲ್ಲಿ. ಆಪರೇಷನ್ ಆದ ಬೆನ್ನು, ಕಾರಿನಲ್ಲಿ ಹತ್ತು ನಿಮಿಷ ಕೂತರೆ ಹಿಡಿದುಕೊಳ್ಳುತ್ತದೆ. ವಿಕ್ಟರ್ ಹಾರ್ಬರ್ ಒಂದೂಕಾಲು ಗಂಟೆಯ ದಾರಿ.

ಇದನ್ನು ಕೇಳಿದ ನೀಲಮ್ಮ ವಿಡಿಯೊ ಕಾಲ್‌ನಲ್ಲಿ ಉದಯಶಂಕರರ ಅಳತೆ ಕೇಳಿದರು. ಸೀಟಿನದಲ್ಲ, ಅವರದು.

"ಇಟ್ಸ್ ಎ ಸೀಟ್, ನೀಲಾ, ನಾಟ್ ಎ ಡ್ರೆಸ್" ಎಂದ ವಾರೆನ್. "ಎಸ್, ಎಸ್" ಎಂದು ಇವರು ಟೇಪು ಹಿಡಿಯುವುದು ಹೇಗೆಂದು ಉದಯಶಂಕರರ ಹೆಂಡತಿ ವೇದಾ ಅವರಿಗೆ ಹೇಳಿಕೊಡುತ್ತಲೇ ಇದ್ದರು. ಅಳತೆ ಒಂದೊಂದು ಸಲ ಒಂದೊಂದು ಬಂತು. ಕೊನೆಗೆ ತಮ್ಮ ಕಸುಬಿನ ಹಳೆಯ ದಾರಿಯನ್ನೇ ಹಿಡಿದರು. ಮೈಸೂರಿನಲ್ಲಿ ಯಾರೇ ಬಂದರೂ ಮೈಗೆ ಸರಿಯಾಗಿ ಕೂರುವ ಒಂದು ಹಳೆಯ ಬ್ಲೌಸ್ ಕೇಳುತ್ತಿದ್ದರಲ್ಲ, ಅಳತೆ ಬ್ಲೌಸ್ ಅಂತ?

"ಮನೇಲಿ ಸಾರ್ ಬೆನ್ನಿಗೆ ಏನಿಟ್ಕೊಂಡು ಕೂತ್ಕೋತಾರೆ?"

"ಒಂದು ಕೊಳಕು ದಿಂಬು ಇದೆ ನೀಲಮ್ಮನೋರೇ, ಎಸೆಯೋಕೆ ಬಿಡಲ್ಲ" ಎಂದರು ವೇದಾ.

"ಅದನ್ನೇ ಕಳಿಸಿ. ಒಗೀಬೇಡಿ."

ದಿಂಬು ಪೋಸ್ಟಿನಲ್ಲಿ ಬಂತು. ನಡುವೆ ಚಪ್ಪಟೆ, ಎಡಕ್ಕೆ ಉಬ್ಬು. ಅದನ್ನು ಮುಂದಿಟ್ಟುಕೊಂಡು ನೀಲಮ್ಮ ಹೊಸ ಫೋಮನ್ನು ಅದೇ ಏರಿಳಿತಕ್ಕೆ ಕತ್ತರಿಸಿದರು. ವಾರೆನ್‌ನದು ಒಂದೇ ಹಟ: ಒಳಗೆ ಏನಾದರೂ ಮಾಡಿಕೊ, ಹೊರಗೆ ಮಾತ್ರ ಸೀಟು 1973ರಲ್ಲಿ ಇದ್ದಂತೆಯೇ ಕಾಣಬೇಕು. ಆ ಕಾಲದ ರೆಕ್ಸಿನ್ ಜಪಾನಿನಿಂದ ಎರಡೇ ಮೀಟರ್ ಸಿಕ್ಕಿತ್ತು. ಕತ್ತರಿ ತಪ್ಪಿದರೆ ಇನ್ನೊಂದಿಲ್ಲ, ಮಾರ್ಚ್ ಕಾಯುವುದಿಲ್ಲ. ಫೋಮ್ ಎರಡು ಬೆರಳು ದಪ್ಪಗಾದ್ದರಿಂದ ಕವರೂ ದೊಡ್ಡದಾಗಬೇಕು. ಹೊಲಿಗೆಗಳನ್ನು ಇದ್ದ ಜಾಗದಲ್ಲೇ ಇಟ್ಟು, ಕಣ್ಣಿಗೆ ಬೀಳದ ಸೀಟಿನ ಅಡಿಯ ಅಂಚಿನಲ್ಲಿ ಮಾತ್ರ ಹೆಚ್ಚಿಗೆ ಬಿಟ್ಟು ಕತ್ತರಿಸಿದರು. "ರೆಕ್ಸಿನ್‌ಗೆ ಕತ್ತರಿ ಹಾಕೋ ಮುಂಚೆ ಎರಡು ದಿನ ಸುಮ್ನೆ ಪೇಪರ್ ಕತ್ತರಿಸ್ತಾ ಇದ್ದೆ. ಊಟ ಸೇರ್ತಿರ್ಲಿಲ್ಲ. ಪಾಪ, ಆ ಮನುಷ್ಯನಿಗೆ ಇನ್ನೊಂದು ಮಾರ್ಚ್ ಇಲ್ವಲ್ಲ ಅನ್ನಿಸ್ತಿತ್ತು."

ಕವರ್ ಎಳೆದು ಕೂರಿಸಿದಾಗ ಒಂದು ಸುಕ್ಕೂ ಇರಲಿಲ್ಲ. ವಾರೆನ್ ಸೀಟಿನ ಸುತ್ತ ಒಂದು ಸುತ್ತು ಬಂದು, ಅವರಿಗೆ ಚಹಾ ಮಾಡಿಕೊಟ್ಟ. ಕಾರು ಮತ್ತೆ ಲಾರಿ ಹತ್ತಿ ಅಡಿಲೇಡಿಗೆ ಹೊರಟಿತು.

ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಉದಯಶಂಕರ್ ಕಾರು ಹೊರತೆಗೆದರು. ವೇದಾ ಪಕ್ಕದಲ್ಲಿ ಕೂತರು. ಇತ್ತ ನೀಲಮ್ಮ ಬೆಳಗಿನಿಂದ ಫೋನನ್ನು ಜಾಕೆಟ್ಟಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಮಧ್ಯಾಹ್ನ ಫೋನ್ ಬಂತು. ಉದಯಶಂಕರ್ ಹತ್ತು ನಿಮಿಷ ಬಿಡದೆ ಮಾತಾಡಿದರಂತೆ. ಸಮುದ್ರದ ಬಣ್ಣ ಹೇಳಿದರು, ಗೇರ್ ಬೀಳುವ ಸದ್ದು ಹೇಳಿದರು, ಸಿಗ್ನಲ್‌ನಲ್ಲಿ ಪಕ್ಕದ ಕಾರಿನ ಹುಡುಗರು ಹೆಬ್ಬೆಟ್ಟು ಎತ್ತಿ ತೋರಿಸಿದ್ದು ಹೇಳಿದರು. ಸೀಟಿನ ಬಗ್ಗೆ ಒಂದಕ್ಷರವಿಲ್ಲ. ಆಮೇಲೆ ವೇದಾ ಫೋನ್ ತೆಗೆದುಕೊಂಡು ಮೆಲ್ಲಗೆ ಹೇಳಿದರಂತೆ: "ದಾರಿ ಉದ್ದಕ್ಕೂ ಒಂದ್ಸಲಾನೂ ಬೆನ್ನು ಅನ್ಲಿಲ್ಲ ಕಣ್ರೀ. ಪುಣ್ಯಾತ್ಗಿತ್ತಿ ನೀವು." ಎರಡು ದಿನ ಬಿಟ್ಟು ಉದಯಶಂಕರ್ ಲೈಸೆನ್ಸ್ ವಾಪಸು ಕೊಟ್ಟರು.

ಕೇಳುತ್ತಿದ್ದ ನನಗೇ ಕೋಪ ಬಂತು. ಇಷ್ಟೆಲ್ಲ ಮಾಡಿದವರಿಗೆ ಆ ಮಹಾಶಯರು ಒಂದು ಥ್ಯಾಂಕ್ಸ್ ಹೇಳಬಾರದೆ? ಬೇಜಾರಾಗಲಿಲ್ಲವೆ ಎಂದು ಕೇಳಿಯೇಬಿಟ್ಟೆ.

ನೀಲಮ್ಮ ಬ್ಲೇಡು ಕೆಳಗಿಟ್ಟು ನನ್ನನ್ನೇ ನೋಡುತ್ತಾರೆ. ಮುಖದ ತುಂಬ ನಗು.

"ಸರಿಯಾಗಿ ಕೂತಿರೋ ಬ್ಲೌಸು ಹಾಕ್ಕೊಂಡಿದ್ದೀನಿ ಅಂತ ಯಾರಿಗಾದ್ರೂ ನೆನಪಿರುತ್ತಾ? ಚುಚ್ಚಿದ್ರೆ ತಾನೇ ನೆನಪಾಗೋದು. ಸಾರ್‌ಗೆ ನನ್ನ ಸೀಟು ನೆನಪೇ ಆಗ್ಲಿಲ್ಲ ಕಣಮ್ಮ!"